ಬೀಗ ಹಾಕಿದ ಮನೆಯವರ ಮತ ಯಾರಿಗೆ?

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಸೋದರಳಿಯ ಅಮೆರಿಕದಲ್ಲಿದ್ದಾನೆ. 2016ರಲ್ಲಿ ಅವನು ಸಮೀಕ್ಷೆಗಳನ್ನು ನೋಡಿ ಹಿಲರಿ ಕ್ಲಿಂಟನ್ ಗೆಲ್ಲೋದು ಗ್ಯಾರಂಟಿ ಅಂದಿದ್ದ. 2024ರಲ್ಲಿ ಕಮಲಾ ಹ್ಯಾರಿಸ್ ಮತ್ತು ಟ್ರಂಪ್ ಸಮಸಮ ಅಂದ. ಎರಡು ಸಲವೂ ಟ್ರಂಪ್ ಗೆದ್ದರು. ಹಾಗಾದರೆ ಅಧ್ಯಕ್ಷರ ಚುನಾವಣೆಯ ಸಮೀಕ್ಷೆ ನಂಬಬೇಕಾ, ಬೇಡ್ವಾ? ಸಾವಿರ ಜನರನ್ನು ಕೇಳಿದರೆ ಇಡೀ ದೇಶದ ಮನಸ್ಸು ಗೊತ್ತಾಗೋದು ಹೇಗೆ? ನಮ್ಮ ರಾಷ್ಟ್ರಪತಿ ಚುನಾವಣೆಗೆ ಇಂಥ ಸಮೀಕ್ಷೆ ಯಾಕಿಲ್ಲ? ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಒಂದು ಸಮೀಕ್ಷೆ ಮಾಡಿಸಬೇಕೆಂಬ ಆಸೆಯಿದೆ. ಅದನ್ನು ಹೇಗೆ ಮಾಡಿಸಲಿ?

ಉತ್ತರ: ಸರ್, ನಿಮ್ಮ ಪತ್ರ ಓದುತ್ತಿದ್ದಂತೆ ಇಂಡಿ ತಾಲೂಕಿನ ಒಂದು ತಾಂಡಾ ನನ್ನ ಕಣ್ಣ ಮುಂದೆ ಬಂತು. 1998ರ ಲೋಕಸಭಾ ಚುನಾವಣೆಯ ಸಮಯ. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು. ನಾನು ಅಲ್ಲಿ ಸಂಖ್ಯಾಶಾಸ್ತ್ರ ಕಲಿಸಲು ಆಗಷ್ಟೇ ಸೇರಿದ್ದೆ. ಒಂದು ಸಂಸ್ಥೆಯವರು ಸಮೀಕ್ಷೆಗೆ ಹುಡುಗರನ್ನು ಹುಡುಕುತ್ತಿದ್ದರು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡೋಣ ಎಂದು ನಾನೂ ಹೋದೆ.

ನನ್ನ ಕೈಗೆ 20 ಮನೆಗಳ ಪಟ್ಟಿ ಕೊಟ್ಟರು. ತಾಂಡಾಕ್ಕೆ ಹೋದರೆ 9 ಮನೆಗೆ ಬೀಗ. ಜನವರಿ ತಿಂಗಳು, ಕಬ್ಬು ಕಡಿಯುವ ಕಾಲ. ಮನೆಮಂದಿಯೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದರು. ಸಂಜೆ ಮೇಲ್ವಿಚಾರಕರಿಗೆ ಹೇಳಿದೆ. "ಬೀಗ ಇದ್ರ ಬಾಜೂ ಮನಿ ತಗೋರಿ, ಹಾಳಿ ತುಂಬಿದ್ರ ಸಾಕು" ಅಂದರು. ಪಕ್ಕದ ಮನೆ ಅಂದರೆ ಊರಲ್ಲೇ ಉಳಿದವರ ಮನೆ. ಒಂದಿಷ್ಟು ಹೊಲ ಇದ್ದವರು, ಅಂಗಡಿ ಇಟ್ಟವರು, ವಯಸ್ಸಾದವರು. ನನ್ನ 20 ಹಾಳೆಯೂ ತುಂಬಿದವು. ಮತದಾನದ ಹಿಂದಿನ ರಾತ್ರಿ ಎರಡು ಲಾರಿ ತುಂಬ ಜನ ತಾಂಡಾಕ್ಕೆ ವಾಪಸ್ ಬಂದರು ಎಂದು ಆಮೇಲೆ ಗೊತ್ತಾಯಿತು. ಆ ಲಾರಿಯಲ್ಲಿದ್ದ ಒಬ್ಬರ ಮಾತೂ ನಮ್ಮ ಹಾಳೆಗಳಲ್ಲಿ ಇರಲಿಲ್ಲ.

ಅವತ್ತಿನಿಂದ ಯಾವ ಸಮೀಕ್ಷೆ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಇದರಲ್ಲಿ ಸಿಗದೆ ಹೋದವರು ಯಾರು? ನಿಮ್ಮ ಸೋದರಳಿಯನ ಲೆಕ್ಕ 2016ರಲ್ಲಿ ತಪ್ಪಿದ್ದಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಮೊದಲು ಸಾವಿರ ಜನರ ವಿಷಯ ಹೇಳಿಬಿಡುತ್ತೇನೆ. ಎಪಿಎಂಸಿಯಲ್ಲಿ ಜೋಳದ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾರೆ, ಅಲ್ವಾ? ಚೀಲ 50 ಕಿಲೋದ್ದಿರಲಿ, ಕ್ವಿಂಟಲ್‌ದಿರಲಿ, ನೋಡುವುದು ಅದೇ ಒಂದು ಹಿಡಿ. ಚೀಲ ದೊಡ್ಡದು ಅಂತ ಯಾರೂ ಎರಡು ಹಿಡಿ ತೆಗೆಯುವುದಿಲ್ಲ. ಕಾಳು ಮೇಲಿಂದ ಕೆಳಗಿನವರೆಗೆ ಚೆನ್ನಾಗಿ ಬೆರೆತಿರಬೇಕು, ಅಷ್ಟೇ. ಜನರ ಲೆಕ್ಕವೂ ಹಾಗೆಯೇ. ಯಾರನ್ನು ಕೇಳಬೇಕು ಎನ್ನುವುದನ್ನು ಚೀಟಿ ಎತ್ತಿದಂತೆ ಆರಿಸಿದರೆ ಸಾವಿರ ಜನರ ಉತ್ತರ ಜಮಖಂಡಿಗೂ ಸಾಕು, ಅಮೆರಿಕಕ್ಕೂ ಸಾಕು. ತಪ್ಪು ಎಷ್ಟಾಗಬಹುದು ಎಂದು ಅಂದಾಜು ಮಾಡಲು ಒಂದು ಸುಲಭ ದಾರಿ ಇದೆ. ಕೇಳಿದವರ ಸಂಖ್ಯೆಯ ವರ್ಗಮೂಲ ತೆಗೆದು, ಅದರಿಂದ 1ನ್ನು ಭಾಗಿಸಿ. ಸಾವಿರದ ವರ್ಗಮೂಲ ಸುಮಾರು 32. ಅಂದರೆ ಹತ್ತಿರಹತ್ತಿರ 3%. ಒಬ್ಬ ಅಭ್ಯರ್ಥಿಗೆ 48% ಬಂದಿದ್ದರೆ ನಿಜವಾದದ್ದು 45ರಿಂದ 51ರ ಒಳಗೆ ಎಲ್ಲಾದರೂ ಇರಬಹುದು. 400 ಜನರನ್ನು ಕೇಳಿದರೆ ಈ ತಪ್ಪು 5%, 10,000 ಜನರನ್ನು ಕೇಳಿದರೆ 1%. ತಪ್ಪನ್ನು ಅರ್ಧ ಮಾಡಲು ನಾಲ್ಕು ಪಟ್ಟು ಜನ ಬೇಕು. ಅದಕ್ಕೆ ನಾಲ್ಕು ಪಟ್ಟು ದುಡ್ಡೂ ಬೇಕು. ಹಾಗಾಗಿ ಹೆಚ್ಚಿನವರು ಸಾವಿರ, ಎರಡು ಸಾವಿರಕ್ಕೆ ನಿಲ್ಲಿಸುತ್ತಾರೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 3% ತಪ್ಪು ಎನ್ನುವುದು ಒಬ್ಬರ ಪಾಲಿಗೆ. ಇಬ್ಬರ ನಡುವಿನ ಅಂತರಕ್ಕೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಯಾಕೆಂದರೆ ಒಬ್ಬರಿಗೆ ಜಾಸ್ತಿ ಬರೆದಿದ್ದರೆ ಅದು ಇನ್ನೊಬ್ಬರ ಪಾಲಿನಿಂದ ಹೋಗಿರುತ್ತದೆ. 49-47 ಎಂದು ಟಿವಿಯಲ್ಲಿ ಬಂದರೆ ಒಬ್ಬರು ಎರಡು ಅಂಕ ಮುಂದೆ ಎಂದು ಹೇಳಲು ಆ ಸಾವಿರ ಜನರ ಉತ್ತರಕ್ಕೆ ಶಕ್ತಿಯೇ ಇಲ್ಲ.

ಇಷ್ಟೆಲ್ಲ ಕಾಳು ಚೆನ್ನಾಗಿ ಬೆರೆತಿದ್ದಾಗಿನ ಮಾತು. ಚೀಲದ ಬಾಯಿಯ ಹತ್ತಿರ ಒಳ್ಳೆ ಕಾಳು ಇಟ್ಟು, ಬರೀ ಮೇಲಿಂದ ತೆಗೆದರೆ? ಆಗ ಒಂದು ಹಿಡಿ ಬದಲು ಒಂದು ಬುಟ್ಟಿ ತೆಗೆದರೂ ಮೋಸವೇ.

ಇದಕ್ಕೆ ದೊಡ್ಡ ಸಾಕ್ಷಿ 1936ರ ಅಮೆರಿಕದ ಚುನಾವಣೆ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಎದುರು ಆಲ್ಫ್ ಲ್ಯಾಂಡನ್ ನಿಂತಿದ್ದರು. 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಚೀಟಿ ವಾಪಸ್ ಬಂದವು. ಲ್ಯಾಂಡನ್‌ಗೆ ಸುಮಾರು 12.9 ಲಕ್ಷ, ರೂಸ್ವೆಲ್ಟ್‌ಗೆ 9.7 ಲಕ್ಷ. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಅದಕ್ಕಿಂತ ಹಿಂದಿನ ಚುನಾವಣೆಗಳಲ್ಲಿ ಆ ಪತ್ರಿಕೆಯ ಮಾತು ನಿಜವಾಗಿತ್ತು, ಹಾಗಾಗಿ ಜನ ನಂಬಿದರು. ಮತ ಎಣಿಸಿದಾಗ ರೂಸ್ವೆಲ್ಟ್‌ಗೆ ಸುಮಾರು 61% ಬಂತು. 48 ರಾಜ್ಯಗಳಲ್ಲಿ 46 ಅವರ ಪಾಲು. ಲ್ಯಾಂಡನ್‌ಗೆ ಉಳಿದದ್ದು ಮೇನ್ ಮತ್ತು ವರ್ಮಾಂಟ್ ಮಾತ್ರ. ಎರಡು ವರ್ಷದೊಳಗೆ ಆ ಪತ್ರಿಕೆಯೇ ನಿಂತುಹೋಯಿತು.

ಏನಾಯಿತು? ಪತ್ರಿಕೆಯವರು ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಪಟ್ಟಿಯಿಂದ, ಕಾರು ಇದ್ದವರ ಪಟ್ಟಿಯಿಂದ. ಅದು ಮಹಾ ಹಿಂಜರಿತದ ಕಾಲ. ಫೋನು, ಕಾರು ಇದ್ದವರು ಒಂದು ಹಂತಕ್ಕೆ ಅನುಕೂಲಸ್ಥರು. ರೂಸ್ವೆಲ್ಟ್ ಕಡೆ ಇದ್ದ ಬಡವರು, ಕೆಲಸ ಕಳೆದುಕೊಂಡವರು ಆ ಪಟ್ಟಿಯಲ್ಲಿ ಕಡಿಮೆ ಇದ್ದರು. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಷಿಕಾಗೊದಲ್ಲಿ ಅವರು ಮತದಾರರ ಪಟ್ಟಿಯಿಂದಲೇ ಪ್ರತಿ ಮೂರನೆಯ ಹೆಸರಿಗೆ ಚೀಟಿ ಕಳುಹಿಸಿದ್ದರು. ಅಂದರೆ ಅಲ್ಲಿ ಪಟ್ಟಿ ಸರಿಯಾಗಿಯೇ ಇತ್ತು. ಸುಮಾರು 20% ಜನ ಉತ್ತರಿಸಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಂಡನ್ ಕಡೆ. ಷಿಕಾಗೊ ನಗರ ಮಾತ್ರ ಮೂರರಲ್ಲಿ ಎರಡು ಪಾಲು ಮತವನ್ನು ರೂಸ್ವೆಲ್ಟ್‌ಗೆ ಕೊಟ್ಟಿತು. ಚೀಟಿ ತಲುಪಿತ್ತು, ಆದರೆ ವಾಪಸ್ ಹಾಕಿದವರೇ ಬೇರೆ ಥರದವರು. ನನಗೆ ಇಡೀ 1936ರ ಕಥೆಯಲ್ಲಿ ಇದೇ ಮುಖ್ಯ ಅನ್ನಿಸುತ್ತದೆ.

ಅದೇ ವರ್ಷ, ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಎಂಬವರು ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ ರೂಸ್ವೆಲ್ಟ್ ಗೆಲ್ಲುತ್ತಾರೆ ಎಂದು ಸರಿಯಾಗಿ ಹೇಳಿದರು. ಅಷ್ಟೇ ಅಲ್ಲ, ಡೈಜೆಸ್ಟ್ ಬಳಸುವಂಥ ಪಟ್ಟಿಗಳಿಂದ 3,000 ಹೆಸರು ಆರಿಸಿ ಕಾರ್ಡು ಹಾಕಿ, ಆ ಪತ್ರಿಕೆಯ ಫಲಿತಾಂಶ ಎಷ್ಟು ಬರುತ್ತದೆ ಎಂದೂ ಮುಂಚೆಯೇ ಹೇಳಿಬಿಟ್ಟರು. ಅದೂ ಸರಿಯಾಯಿತು.

ಆದರೆ 1948ರಲ್ಲಿ ಅದೇ ಗ್ಯಾಲಪ್ ಸೋತರು. ಥಾಮಸ್ ಡ್ಯೂಯಿ ಗೆಲ್ಲುತ್ತಾರೆ ಅಂದರು, ಗೆದ್ದದ್ದು ಹ್ಯಾರಿ ಟ್ರೂಮನ್. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಕೋಟಾ ಕೊಟ್ಟು, ಯಾರನ್ನು ಕೇಳಬೇಕು ಎನ್ನುವುದನ್ನು ಸಂದರ್ಶಕರಿಗೇ ಬಿಟ್ಟಿದ್ದರು. ಸಂದರ್ಶಕರು ಸುಲಭವಾಗಿ ಸಿಗುವವರನ್ನು ಕೇಳಿದರು. ನಮ್ಮ ಮೇಲ್ವಿಚಾರಕರ 'ಬಾಜೂ ಮನಿ' ಲೆಕ್ಕವೇ ಅದು. ಜೊತೆಗೆ ಮತದಾನಕ್ಕೆ ಇನ್ನೂ ಕೆಲವು ವಾರ ಇರುವಾಗಲೇ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಕೊನೆಗೆ ಮನಸ್ಸು ಬದಲಿಸಿದವರು ಲೆಕ್ಕಕ್ಕೇ ಸಿಗಲಿಲ್ಲ.

ಈಗ 2016ಕ್ಕೆ ಬರೋಣ. ನಿಮ್ಮ ಸೋದರಳಿಯ ನೋಡಿದ ಸಮೀಕ್ಷೆಗಳು ಇಡೀ ದೇಶದ ಲೆಕ್ಕದಲ್ಲಿ ಅಷ್ಟೇನೂ ತಪ್ಪಿರಲಿಲ್ಲ. ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಕ್ಲಿಂಟನ್ ಮೂರು ಅಂಕದ ಆಸುಪಾಸು ಮುಂದಿದ್ದರು. ಎಣಿಕೆಯಲ್ಲಿ ಅವರಿಗೆ 48.2%, ಟ್ರಂಪ್‌ಗೆ 46.1% ಬಂತು. ಅಂದರೆ ಎರಡು ಅಂಕ ಮುಂದೆ. ಜನರ ಮತ ಹೆಚ್ಚು ಬಂದದ್ದು ಕ್ಲಿಂಟನ್‌ಗೇ! ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರ್‌ಗಳು. ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಎಂದು ಹಂಚಿಕೆ. ಮೇನ್, ನೆಬ್ರಾಸ್ಕ ಬಿಟ್ಟು ಉಳಿದ ಎಲ್ಲ ರಾಜ್ಯಗಳಲ್ಲೂ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. 270 ಮುಟ್ಟಿದವರು ಅಧ್ಯಕ್ಷರು.

ನಮಗೆ ಇದು ಹೊಸದಲ್ಲ. 2018ರ ನಮ್ಮ ವಿಧಾನಸಭಾ ಚುನಾವಣೆ ನೆನಪು ಮಾಡಿಕೊಳ್ಳಿ. ಕಾಂಗ್ರೆಸ್‌ಗೆ ಸುಮಾರು 38% ಮತ, ಬಿಜೆಪಿಗೆ 36%. ಸ್ಥಾನ ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ ಮುಂದೂಡಿದ ಎರಡು ಕ್ಷೇತ್ರ ಸೇರಿ 80. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ 36% ಬಂತು. ಸ್ಥಾನ ಮಾತ್ರ 66ಕ್ಕೆ ಇಳಿಯಿತು, ಕಾಂಗ್ರೆಸ್ 135ಕ್ಕೆ ಏರಿತು. ಮತ ಎಷ್ಟು ಬಂತು ಎನ್ನುವುದರ ಜೊತೆಗೆ ಎಲ್ಲಿ ಬಂತು, ಎದುರಾಳಿಗಳ ನಡುವೆ ಹೇಗೆ ಹಂಚಿಹೋಯಿತು ಎನ್ನುವುದೂ ಅಷ್ಟೇ ಮುಖ್ಯ. ನಿಮ್ಮ ಜಿಲ್ಲೆಯ ಬಾದಾಮಿಯನ್ನೇ ನೋಡಿ. 2018ರಲ್ಲಿ ಸಿದ್ದರಾಮಯ್ಯನವರು ಬಿ. ಶ್ರೀರಾಮುಲು ಎದುರು ಗೆದ್ದದ್ದು 1,696 ಮತಗಳಿಂದ. ಬೆಳಗಾವಿ ಲೋಕಸಭೆಗೆ 2021ರಲ್ಲಿ ನಡೆದ ಉಪಚುನಾವಣೆಯಲ್ಲಿ ಮಂಗಲಾ ಅಂಗಡಿಯವರು ಸತೀಶ ಜಾರಕಿಹೊಳಿಯವರನ್ನು 5,240 ಮತಗಳಿಂದ ಸೋಲಿಸಿದರು. ಲಕ್ಷಗಟ್ಟಲೆ ಮತದಾರರಿರುವ ಕಡೆ ಇಷ್ಟು ಸಣ್ಣ ಅಂತರವನ್ನು ಯಾವ ಸಮೀಕ್ಷೆಯೂ ಹಿಡಿಯಲಾರದು. ಹಿಡಿದೆ ಎಂದವರು ಇದ್ದರೆ ಅದು ಅದೃಷ್ಟ.

2016ರಲ್ಲಿ ಆದದ್ದೂ ಅದೇ. ಟ್ರಂಪ್ ಗೆದ್ದ ಅಂತರ ಮಿಷಿಗನ್‌ನಲ್ಲಿ 10,704 ಮತ, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಈ ಮೂರೂ ಕೂಡಿಸಿದರೆ 78,000ಕ್ಕೂ ಕಡಿಮೆ. ದೇಶದಲ್ಲಿ ಮತ ಹಾಕಿದವರು 13 ಕೋಟಿಗೂ ಹೆಚ್ಚು. ಆ ಮೂರು ರಾಜ್ಯಗಳ 46 ಎಲೆಕ್ಟರ್‌ಗಳು ಟ್ರಂಪ್ ಕಡೆ ಹೋದ ಕೂಡಲೇ ಆಟ ಮುಗಿಯಿತು.

ಆದರೂ ಆ ರಾಜ್ಯಗಳಲ್ಲಿ ಸಮೀಕ್ಷೆ ನಿಜಕ್ಕೂ ತಪ್ಪಿತ್ತು. ವಿಸ್ಕಾನ್ಸಿನ್‌ನಲ್ಲಿ ಕ್ಲಿಂಟನ್ 5-6 ಅಂಕ ಮುಂದೆ ಎಂದು ಸರಾಸರಿ ಹೇಳುತ್ತಿತ್ತು. ಅವರು ಒಂದು ಅಂಕಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಇದಕ್ಕೆ ಎರಡು ಕಾರಣ ಸಿಕ್ಕವು. ಕೊನೆಯ ವಾರದಲ್ಲಿ ನಿರ್ಧಾರ ಮಾಡಿದವರಲ್ಲಿ ಹೆಚ್ಚು ಜನ ಟ್ರಂಪ್ ಕಡೆ ವಾಲಿದ್ದು ಒಂದು. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಮೀಕ್ಷೆಗೆ ಉತ್ತರಿಸುವವರಲ್ಲಿ ಡಿಗ್ರಿ ಓದಿದವರು ಯಾವಾಗಲೂ ಜಾಸ್ತಿ. ಒಂದು ಊರಿನಲ್ಲಿ ನೂರಕ್ಕೆ 40 ಜನ ಡಿಗ್ರಿ ಓದಿದವರು, 60 ಜನ ಓದದವರು ಎಂದಿಟ್ಟುಕೊಳ್ಳಿ. ನಿಮ್ಮ ಸಮೀಕ್ಷೆಗೆ ಸಿಕ್ಕವರು ಉಲ್ಟಾ, 60 ಜನ ಓದಿದವರು, 40 ಜನ ಓದದವರು. ಓದಿದವರಲ್ಲಿ 60% ಜನ ಒಬ್ಬ ಅಭ್ಯರ್ಥಿಗೆ ಅನ್ನುತ್ತಾರೆ, ಓದದವರಲ್ಲಿ 40% ಜನ ಅದೇ ಅಭ್ಯರ್ಥಿಗೆ ಅನ್ನುತ್ತಾರೆ. ಸಿಕ್ಕ ಉತ್ತರಗಳನ್ನು ಹಾಗೇ ಕೂಡಿಸಿದರೆ ಆ ಅಭ್ಯರ್ಥಿಗೆ 52%. ಊರಿನ ನಿಜವಾದ ಪ್ರಮಾಣಕ್ಕೆ ತಕ್ಕಂತೆ ತೂಕ ಹಾಕಿ ಕೂಡಿಸಿದರೆ 48%. ಗೆದ್ದವರು ಸೋತರು! ಅಂಕಿ ಅದೇ, ಉತ್ತರ ಅದೇ, ತೂಕ ಮಾತ್ರ ಬೇರೆ. ಬೋರ್ಡಿನ ಮೇಲೆ ಮಕ್ಕಳಿಗೆ ಈ ಲೆಕ್ಕ ಒಂದು ಸಲ ಮಾಡಿ ತೋರಿಸಿ. ಎಷ್ಟೋ ಭಾಷಣಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ. 2016ರಲ್ಲಿ ಆ ರಾಜ್ಯಗಳ ಅನೇಕ ಸಮೀಕ್ಷೆಗಳು ವಯಸ್ಸು, ಜನಾಂಗ ಎಲ್ಲ ನೋಡಿ ತೂಕ ಹಾಕಿದ್ದವು, ಓದನ್ನು ಮಾತ್ರ ಬಿಟ್ಟಿದ್ದವು. ಹಿಂದಿನ ಚುನಾವಣೆಗಳಲ್ಲಿ ಅದರಿಂದ ದೊಡ್ಡ ತೊಂದರೆ ಆಗಿರಲಿಲ್ಲ. ಆ ವರ್ಷ ಓದಿದವರು ಒಂದು ಕಡೆ, ಓದದವರು ಇನ್ನೊಂದು ಕಡೆ ಸರಿದುಬಿಟ್ಟಿದ್ದರು.

'ಗ್ಯಾರಂಟಿ' ಎಂಬ ಮಾತು ಎಲ್ಲಿಂದ ಬಂತು ಎಂದೂ ಹೇಳಬೇಕು. ಸಮೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ, ಗೆಲ್ಲುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುವವರು ಬೇರೆ ಇದ್ದಾರೆ. 2016ರಲ್ಲಿ ಕೆಲವರು ಕ್ಲಿಂಟನ್‌ಗೆ 98-99% ಸಾಧ್ಯತೆ ಕೊಟ್ಟರು. ನೇಟ್ ಸಿಲ್ವರ್ ಅವರ 'ಫೈವ್‌ಥರ್ಟಿಎಯ್ಟ್' ಟ್ರಂಪ್‌ಗೆ ಸುಮಾರು 29% ಕೊಟ್ಟಿತು. ಇಬ್ಬರ ಕೈಯಲ್ಲೂ ಇದ್ದದ್ದು ಹೆಚ್ಚುಕಡಿಮೆ ಅವೇ ಸಮೀಕ್ಷೆಗಳು. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? 99% ಎಂದವರು ಒಂದೊಂದು ರಾಜ್ಯದ ತಪ್ಪೂ ಬೇರೆ ಬೇರೆ, ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸರಿಹೋಗುತ್ತದೆ ಎಂದು ಹೆಚ್ಚುಕಡಿಮೆ ನಂಬಿದ್ದರು. ನಮ್ಮ ಕಡೆಯ ರೈತರನ್ನು ಕೇಳಿದ್ದರೆ ಹಾಗೆ ನಂಬುತ್ತಿರಲಿಲ್ಲ. ಇಂಡಿಯಲ್ಲಿ ಮಳೆ ಕೈಕೊಟ್ಟ ವರ್ಷ ಸಿಂದಗಿಯಲ್ಲಿ ಮಾತ್ರ ಭರ್ಜರಿ ಸುರಿಯುವುದು ಅಪರೂಪ. ವಿಸ್ಕಾನ್ಸಿನ್‌ನಲ್ಲಿ ಒಂದು ಥರದ ಜನ ಸಮೀಕ್ಷೆಗೆ ಸಿಗದೆ ಹೋದರೆ, ಪಕ್ಕದ ಮಿಷಿಗನ್‌ನಲ್ಲೂ ಅದೇ ಥರದ ಜನ ಸಿಗದೆ ಹೋಗಿರುತ್ತಾರೆ. ತಪ್ಪುಗಳು ಒಂದೇ ದಿಕ್ಕಿಗೆ ಸಾಲಾಗಿ ಬರುತ್ತವೆ.

29% ಅಂದರೆ ಸಣ್ಣ ಸಾಧ್ಯತೆ ಅಲ್ಲ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದಾಗ ಎರಡೂ ಛಾಪಾ ಬೀಳುವ ಸಾಧ್ಯತೆ 25%. ಹಾಗೆ ಬಿದ್ದರೆ ಯಾರೂ ಬೆಚ್ಚಿಬೀಳುವುದಿಲ್ಲ, ಅಲ್ವಾ? ಮಳೆ ಬರುವ ಸಾಧ್ಯತೆ 29% ಎಂದು ಹೇಳಿದ ದಿನ ಅಂಗಳದಲ್ಲಿ ಒಣದ್ರಾಕ್ಷಿ ಹರಡಿದವರು ತಾಡಪತ್ರಿ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಅದೇ ಎಚ್ಚರ ಚುನಾವಣೆಯ ಅಂಕಿ ಓದುವಾಗಲೂ ಬೇಕು.

2016ರ ಪಾಠ ಕಲಿತು 2020ರಲ್ಲಿ ಓದಿಗೂ ತೂಕ ಹಾಕಿದರು. ಆದರೂ ತಪ್ಪು ಇನ್ನೂ ದೊಡ್ಡದಾಯಿತು. ಬೈಡನ್ ಸುಮಾರು 8 ಅಂಕ ಮುಂದೆ ಎಂದಿತ್ತು ಸರಾಸರಿ, ಗೆದ್ದದ್ದು ನಾಲ್ಕೂವರೆ ಅಂಕದಿಂದ. ಗೆಲ್ಲುವವರ ಹೆಸರು ಸರಿ ಬಂದದ್ದಕ್ಕೆ ಜನ ಅಷ್ಟು ಬೈಯಲಿಲ್ಲ, ಅಷ್ಟೇ. ಸಮೀಕ್ಷೆ ಮಾಡುವವರ ಸಂಘವೇ ಕೂತು ಪರಿಶೀಲಿಸಿ, 40 ವರ್ಷಗಳಲ್ಲೇ ದೇಶದ ಮಟ್ಟದ ಅತಿ ದೊಡ್ಡ ತಪ್ಪು ಇದು ಎಂದು ಒಪ್ಪಿಕೊಂಡಿತು. ನನಗೆ ಆ ಪ್ರಾಮಾಣಿಕತೆಯ ಬಗ್ಗೆ ಗೌರವ ಇದೆ. ನಮ್ಮಲ್ಲಿ 2024ರ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು. ಬಂದದ್ದು 293. ಯಾಕೆ ತಪ್ಪಿತು ಎಂದು ಎಲ್ಲರೂ ಒಟ್ಟಿಗೆ ಕೂತು, ಲೆಕ್ಕ ಬಿಚ್ಚಿ, ಜನರ ಮುಂದೆ ಇಟ್ಟದ್ದನ್ನು ನಾನು ನೋಡಲಿಲ್ಲ. ಅದು ಆಗಬೇಕು ಎಂದು ಈಗಲೂ ಬಯಸುತ್ತೇನೆ.

ಅಮೆರಿಕದ 2020ರ ಆ ತಪ್ಪಿನ ಬೇರು ಎಲ್ಲಿದೆ ಎಂದರೆ, ಬಹುಶಃ ಫೋನ್ ಎತ್ತದವರಲ್ಲಿ. ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರದವರ ಫೋನ್ ಸಮೀಕ್ಷೆಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರಿಸುತ್ತಿದ್ದರು. 2018ರ ಹೊತ್ತಿಗೆ ಅದು 6ಕ್ಕೆ ಇಳಿಯಿತು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ನೀವೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಉಳಿದ 94 ಜನ ಈ 6 ಜನರ ಹಾಗೆಯೇ ಇದ್ದಾರೆ ಎಂದು ನಂಬಿ ಲೆಕ್ಕ ಹಾಕಬೇಕು. ವಯಸ್ಸು, ಓದು, ಊರು ಎಲ್ಲ ಒಂದೇ ಇದ್ದರೂ ಫೋನ್ ಎತ್ತುವವರಿಗೂ ಎತ್ತದವರಿಗೂ ಮನಸ್ಸಿನಲ್ಲಿ ಏನೋ ವ್ಯತ್ಯಾಸ ಇದ್ದರೆ ಯಾವ ತೂಕವೂ ಅದನ್ನು ಸರಿಮಾಡಲಾರದು. ಷಿಕಾಗೊದಲ್ಲಿ ಚೀಟಿ ವಾಪಸ್ ಹಾಕದವರ ಕಥೆ 84 ವರ್ಷದ ಮೇಲೆ ಮತ್ತೆ ಬಂತು.

2024ರ ಬಗ್ಗೆ ನಿಮ್ಮ ಸೋದರಳಿಯ ಸಮಸಮ ಎಂದದ್ದರಲ್ಲಿ ತಪ್ಪಿಲ್ಲ. ಹ್ಯಾರಿಸ್ ಒಂದು ಅಂಕದಷ್ಟು ಮುಂದೆ ಎಂದಿತ್ತು ಸರಾಸರಿ, ಟ್ರಂಪ್ ಒಂದೂವರೆ ಅಂಕದಿಂದ ಗೆದ್ದರು. ಇದು ಸಮೀಕ್ಷೆಗಳ ಮಾಮೂಲಿ ತಪ್ಪಿನ ಒಳಗೇ ಇದೆ. ಆದರೆ ಏಳು ಪೈಪೋಟಿಯ ರಾಜ್ಯಗಳಲ್ಲೂ ಅದೇ ಸಣ್ಣ ತಪ್ಪು ಒಂದೇ ದಿಕ್ಕಿಗೆ ಇದ್ದುದರಿಂದ ಏಳೂ ಟ್ರಂಪ್ ಪಾಲಾದವು. 312-226 ಎಂದಾಗ ಅದು ಭಾರೀ ಗೆಲುವಿನಂತೆ ಕಂಡಿತು. ಪೈಪೋಟಿ ಸಮಸಮ ಇದ್ದಾಗ ಫಲಿತಾಂಶವೂ ಸಮಸಮವೇ ಬರಬೇಕು ಎಂದೇನಿಲ್ಲ.

ಆ ವರ್ಷ ಇನ್ನೂ ಎರಡು ಸಂಗತಿ ನಡೆದವು. ಅಯೋವ ರಾಜ್ಯದಲ್ಲಿ ಆನ್ ಸೆಲ್ಜರ್ ಎಂಬವರ ಸಮೀಕ್ಷೆಗೆ ಬಹಳ ಹೆಸರಿತ್ತು. ಮತದಾನಕ್ಕೆ ಮೂರು ದಿನ ಇರುವಾಗ ಹ್ಯಾರಿಸ್ 3 ಅಂಕ ಮುಂದೆ ಎಂದು ಅವರ ಸಮೀಕ್ಷೆ ಹೇಳಿತು. ಟ್ರಂಪ್ ಅಲ್ಲಿ 13 ಅಂಕಗಳಿಂದ ಗೆದ್ದರು. ಆದರೂ ಬಂದ ಅಂಕಿಯನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಅವರನ್ನು ಮೆಚ್ಚುತ್ತೇನೆ. ಯಾಕೆಂದರೆ ಅದೇ ಹೊತ್ತಿಗೆ ಎಷ್ಟೋ ಸಂಸ್ಥೆಗಳ ಅಂಕಿಗಳು ಅಚ್ಚು ಹಾಕಿದಂತೆ ಒಂದೇ ಥರ ಬರುತ್ತಿದ್ದವು. 800 ಜನರನ್ನು ಕೇಳುವ ಹತ್ತು ಸಮೀಕ್ಷೆ ಮಾಡಿದರೆ, ಪೈಪೋಟಿ ನಿಜವಾಗಿ ಸಮಸಮ ಇದ್ದರೂ ಕೆಲವು 4 ಮುಂದೆ, ಕೆಲವು 5 ಹಿಂದೆ ಬರಲೇಬೇಕು. ಹತ್ತಕ್ಕೆ ಹತ್ತೂ 0, 1 ಎಂದೇ ಬಂದರೆ ಯಾರೋ ಗುಂಪಿನಿಂದ ಹೊರಗೆ ಬೀಳಲು ಹೆದರಿ ಅಂಕಿ ತಿದ್ದುತ್ತಿದ್ದಾರೆ ಎಂದು ಅನುಮಾನ ಪಡಬೇಕು.

ಇನ್ನೊಂದು ಸಂಗತಿ ನಮ್ಮ ಕಟ್ಟೆಯ ಮಾತಿಗೆ ಹತ್ತಿರ. ಫ್ರಾನ್ಸ್‌ನ ಒಬ್ಬರು ಟ್ರಂಪ್ ಮೇಲೆ ದೊಡ್ಡ ಬಾಜಿ ಕಟ್ಟಿ ಗೆದ್ದರು. ಅದಕ್ಕೂ ಮೊದಲು ಅವರು ಸ್ವಂತ ಖರ್ಚಿನಲ್ಲಿ ಒಂದು ಸಮೀಕ್ಷೆ ಮಾಡಿಸಿದ್ದರು. 'ನೀವು ಯಾರಿಗೆ ಹಾಕುತ್ತೀರಿ' ಎನ್ನುವುದರ ಜೊತೆಗೆ 'ನಿಮ್ಮ ಅಕ್ಕಪಕ್ಕದವರು ಯಾರಿಗೆ ಹಾಕಬಹುದು' ಎಂದೂ ಕೇಳಿಸಿದ್ದರು. ನಮ್ಮ ಹಳ್ಳಿಯಲ್ಲಿ ಒಬ್ಬ ಅಜ್ಜನನ್ನು ಯಾರಿಗೆ ಹಾಕ್ತೀರಿ ಎಂದು ಕೇಳಿ ನೋಡಿ. "ಎಲ್ಲಾರೂ ನಮ್ಮವರ ಅದಾರ ತಮ್ಮಾ, ನೋಡೂನಂತ" ಎಂದು ಜಾರಿಕೊಳ್ಳುತ್ತಾರೆ. ಊರಿನ ಗಾಳಿ ಹೆಂಗೈತಿ ಅಜ್ಜಾ ಎಂದು ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ. ಇದು ಒಳ್ಳೆಯ ದಾರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಒಂದು ಸಲ ಸರಿ ಬಂತು ಎಂದು ಪೂರ್ತಿ ನಂಬಬಾರದು. 1936ಕ್ಕೆ ಮೊದಲು ಡೈಜೆಸ್ಟ್ ಪತ್ರಿಕೆಯೂ ಸಲ ಸಲಕ್ಕೂ ಸರಿಯಾಗಿಯೇ ಹೇಳುತ್ತಿತ್ತು.

ನಮ್ಮ ರಾಷ್ಟ್ರಪತಿ ಚುನಾವಣೆಗೆ ಸಮೀಕ್ಷೆ ಯಾಕಿಲ್ಲ ಎಂದು ಕೇಳಿದ್ದೀರಿ. ಅಲ್ಲಿ ಮತ ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ಯಾವ ಪಕ್ಷಕ್ಕೆ ಎಷ್ಟು ಜನ ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತು, ಕೂಡಿಸಿದರೆ ಮುಗಿಯಿತು. 2022ರಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಮೌಲ್ಯ, ಒಬ್ಬ ಸಂಸದರ ಮತಕ್ಕೆ 700. ದ್ರೌಪದಿ ಮುರ್ಮು ಅವರು ಗೆಲ್ಲುತ್ತಾರೆ ಎನ್ನುವುದು ಮೊದಲೇ ಕಾಣುತ್ತಿತ್ತು. 6,76,803 ಮತಮೌಲ್ಯ ಪಡೆದು ಗೆದ್ದರು. ಯಶವಂತ ಸಿನ್ಹಾ ಅವರಿಗೆ 3,80,177. ಆದರೆ ಇಲ್ಲೂ ಒಂದು ಸಲ ಲೆಕ್ಕ ತಪ್ಪಿದೆ. ಈ ಚುನಾವಣೆಯಲ್ಲಿ ಮತ ಗುಟ್ಟಾಗಿರುತ್ತದೆ, ಪಕ್ಷಗಳು ವಿಪ್ ಕೊಡುವಂತಿಲ್ಲ. 1969ರಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಇಂದಿರಾ ಗಾಂಧಿಯವರ ಕರೆಯ ಮೇಲೆ ಅವರದೇ ಪಕ್ಷದ ಅನೇಕರು ವಿ.ವಿ. ಗಿರಿ ಅವರಿಗೆ ಹಾಕಿದರು. ಎರಡನೇ ಪ್ರಾಶಸ್ತ್ಯದ ಮತವನ್ನೂ ಎಣಿಸಬೇಕಾಯಿತು. ಗಿರಿ ಅವರಿಗೆ 4,20,077, ರೆಡ್ಡಿ ಅವರಿಗೆ 4,05,427. ನಿಮ್ಮ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರ ಹೆಸರನ್ನೂ ಮಕ್ಕಳಿಗೆ ಇಲ್ಲೇ ಹೇಳಿ. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅವರ ನಂತರ ಬಂದವರು ಅದೇ ಸಂಜೀವ ರೆಡ್ಡಿ, ಈ ಸಲ ಅವಿರೋಧವಾಗಿ.

ನಂಬಬೇಕಾ ಎಂಬ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಅಂತರ 10 ಅಂಕ ಇದ್ದು, ಅನೇಕ ಸಮೀಕ್ಷೆಗಳು ಅದನ್ನೇ ಹೇಳುತ್ತಿದ್ದರೆ ನಂಬಬಹುದು. 2-3 ಅಂಕ ಇದ್ದರೆ ಯಾರು ಬೇಕಾದರೂ ಗೆಲ್ಲಬಹುದು ಎಂದಷ್ಟೇ ಓದಿಕೊಳ್ಳಿ. ಒಂದೇ ಸಮೀಕ್ಷೆ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಸರಾಸರಿ ನೋಡಿ. ಯಾವಾಗ ಕೇಳಿದರು, ಯಾರು ದುಡ್ಡು ಕೊಟ್ಟರು, ಇನ್ನೂ ನಿರ್ಧಾರ ಮಾಡದವರು ಎಷ್ಟು ಎಂದು ಹುಡುಕಿ. ಎಷ್ಟು ಜನರನ್ನು ಕೇಳಿದರು ಎಂದು ಮಾತ್ರ ಹೇಳಿ, ಹೇಗೆ ಆರಿಸಿದರು ಎಂದು ಹೇಳದ ಸಮೀಕ್ಷೆಯನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಇನ್ನು ಮಕ್ಕಳ ಸಮೀಕ್ಷೆ. ಊರಿನ ಚುನಾವಣೆಗೆ ಮಕ್ಕಳನ್ನು ಮನೆಮನೆಗೆ ಕಳುಹಿಸುವುದು ಬೇಡ. ಅದರಿಂದ ಮಕ್ಕಳಿಗೂ ತೊಂದರೆ, ನಿಮಗೂ ತೊಂದರೆ. ನಿಮ್ಮ ಶಾಲಾ ಸಂಸತ್ತಿನ ಚುನಾವಣೆ ಇದೆಯಲ್ಲ, ಅದಕ್ಕೇ ಮಾಡಿಸಿ. ಶಾಲೆಯಲ್ಲಿ 400 ಮಕ್ಕಳಿದ್ದರೆ ಹಾಜರಿ ಪುಸ್ತಕಗಳನ್ನು ಸಾಲಾಗಿ ಇಟ್ಟು, 1ರಿಂದ 5ರೊಳಗೆ ಒಂದು ಚೀಟಿ ಎತ್ತಿಸಿ. 3 ಬಂದರೆ 3, 8, 13 ಹೀಗೆ ಪ್ರತಿ ಐದನೆಯ ಹೆಸರು. 80 ಮಕ್ಕಳು ಸಿಗುತ್ತಾರೆ. ಮುಂದಿನ ಬೆಂಚಿನವರನ್ನು, ಗೆಳೆಯರನ್ನು ಆರಿಸಲು ಬಿಡಬೇಡಿ. ಬಾಯಲ್ಲಿ ಕೇಳಬೇಡಿ, ಚೀಟಿ ಬರೆದು ಡಬ್ಬಿಗೆ ಹಾಕಲಿ. ಒಂದು ವಾರ ಮೊದಲು ಒಂದು ಸಲ, ಹಿಂದಿನ ದಿನ ಇನ್ನೊಂದು ಸಲ ಕೇಳಿಸಿ. ಎರಡು ಸಲದ ನಡುವೆ ಏನು ಬದಲಾಯಿತು ಎಂದು ನೋಡಲಿ. 80 ಮಕ್ಕಳಿಂದ ಬಂದ ಅಂಕಿಯಲ್ಲಿ ತಪ್ಪು 10-11 ಅಂಕದವರೆಗೂ ಇರಬಹುದು ಎಂದು ಫಲಿತಾಂಶದ ಜೊತೆಗೇ ಬೋರ್ಡಿನ ಮೇಲೆ ಬರೆಸಿ.

ಪಟ್ಟಿಯಲ್ಲಿ ಹೆಸರು ಬಂದ ಮಗು ಆ ದಿನ ಶಾಲೆಗೆ ಬಂದಿಲ್ಲದಿದ್ದರೆ ಪಕ್ಕದ ಹೆಸರಿಗೆ ಹೋಗಬೇಡಿ. ಮರುದಿನ ಕೇಳಿಸಿ, ಅದರ ಮರುದಿನವೂ ಕೇಳಿಸಿ. ಮೂರು ದಿನವೂ ಸಿಗದಿದ್ದರೆ ಆ ಸಾಲನ್ನು ಖಾಲಿ ಬಿಟ್ಟು, ಯಾಕೆ ಬಂದಿಲ್ಲ ಎಂದು ಪಕ್ಕದಲ್ಲಿ ಬರೆಸಿ. ಜ್ವರವೋ, ಜಾತ್ರೆಯೋ, ಅಪ್ಪ ಅಮ್ಮನ ಜೊತೆ ಕಬ್ಬಿನ ಗದ್ದೆಗೆ ಹೋಗಿದೆಯೋ. ಎಲ್ಲ ಮುಗಿದ ಮೇಲೆ ಫಲಿತಾಂಶದ ಹಾಳೆಯನ್ನು ನನಗೆ ಕಳುಹಿಸಿ. ಆ ಖಾಲಿ ಸಾಲುಗಳ ಹಾಳೆಯನ್ನೂ ಜೊತೆಗೆ ಇಡಿ, ನಾನು ಮೊದಲು ಓದುವುದು ಅದನ್ನೇ.